ಯಂತ್ರಗಳು ಆಡುವ ಕನ್ನಡ

ಕಾದಂಬರಿಗೆ ವಿಮರ್ಶೆ ಬರೆಯುವವರಿದ್ದಾರೆ, ನಾಟಕಕ್ಕೆ ಬರೆಯುವವರಿದ್ದಾರೆ, ಸಿನಿಮಾಕ್ಕಂತೂ ಶುಕ್ರವಾರ ಸಂಜೆಯೊಳಗೇ ನಕ್ಷತ್ರ ಎಣಿಸಿ ಕೊಡುವವರಿದ್ದಾರೆ. ಆದರೆ ಈಗ ಒಬ್ಬ ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ಓದುವ, ಕೇಳುವ ಕನ್ನಡದಲ್ಲಿ ಸಾಕಷ್ಟು ಪಾಲು ಕಾದಂಬರಿಯದೂ ಅಲ್ಲ, ಸಿನಿಮಾದ್ದೂ ಅಲ್ಲ; ಯಂತ್ರದ್ದು. ಸಿಲಿಂಡರ್ ಬುಕ್ ಮಾಡಿದರೆ ಬರುವ ಸಂದೇಶ, ಬ್ಯಾಂಕಿನಿಂದ ಬರುವ ಒಂದು ಸಾಲು, ಕರೆಂಟ್ ಬಿಲ್ಲು ಕಟ್ಟುವಾಗ ಫೋನಿನಲ್ಲಿ ತೆರೆದುಕೊಳ್ಳುವ ಪರದೆ, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವ ದನಿ, ತರಕಾರಿ ಗಾಡಿಯ ಮೇಲೆ ಕೂತು ದುಡ್ಡು ಬಂತೆಂದು ಕೂಗುವ ಪುಟ್ಟ ಪೆಟ್ಟಿಗೆ, ಎಲ್ಲವೂ ಕನ್ನಡವನ್ನೇ ಆಡುತ್ತವೆ. ಇದನ್ನೂ ಯಾರೋ ಬರೆದಿದ್ದಾರಲ್ಲವೇ? ಬರೆದ ಮೇಲೆ ಅದು ಚೆನ್ನಾಗಿದೆಯೇ ಇಲ್ಲವೇ ಎಂದು ಕೇಳುವ ಹಕ್ಕು ಓದುವವರಿಗಿದೆ.

ಸಾಹಿತ್ಯ ವಿಮರ್ಶೆಯ ವಿದ್ಯೆ ನನಗೆ ಗೊತ್ತಿಲ್ಲ. ನನ್ನದು ಸಾಫ್ಟ್‌ವೇರ್ ಕೆಲಸ, ಮನೆ ಬಸವೇಶ್ವರನಗರ. ಹಾವನೂರು ಸರ್ಕಲ್ಲಿನಲ್ಲಿ ಬಸ್ಸು ಹತ್ತಿ ವಿಜಯನಗರಕ್ಕೆ, ಅಲ್ಲಿಂದ ಮೆಟ್ರೋ. ದಾರಿಯುದ್ದಕ್ಕೂ ಯಂತ್ರಗಳ ಮಾತು ಕಿವಿಗೆ ಬೀಳುತ್ತದೆ, ಕೆಲಸದ ಜಾಗದಲ್ಲಿ ಆ ಮಾತು ಹೇಗೆ ತಯಾರಾಗುತ್ತದೆ ಎನ್ನುವುದು ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯನ್ನೂ ಪಂಕ್ತಿಯನ್ನೂ ಎರಡನ್ನೂ ಕಂಡವರಿಗೆ ಸಾರಿನ ಬಗ್ಗೆ ನಾಲ್ಕು ಮಾತು ಹೇಳಲು ಪಂಡಿತರ ಅಪ್ಪಣೆ ಬೇಕಿಲ್ಲ.

ಮೊದಲು ಒಳ್ಳೆಯದರಿಂದಲೇ ಶುರು ಮಾಡೋಣ. ಯಂತ್ರದೊಳಗೆ ಕನ್ನಡ ಕೂರಿಸಿದವರ ಕೆಲಸದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವುದು ಕೆ.ಪಿ. ರಾವ್ ಅವರ ಕೀಲಿಮಣೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಿಂದ ಬಂದ ಅವರು ಮುದ್ರಣ, ಅಕ್ಷರ ಜೋಡಣೆಗಳ ಒಳಹೊರಗು ಬಲ್ಲವರು. 1980ರ ದಶಕದಲ್ಲಿ ಅವರ ಮುಂದಿದ್ದದ್ದು ಇಂಗ್ಲಿಷಿನ 26 ಅಕ್ಷರಗಳ ಕೀಲಿಮಣೆ. ಕೂರಿಸಬೇಕಾದ್ದು ನಮ್ಮ ಇಡೀ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಹಳೆಯ ಬೆರಳಚ್ಚು ಯಂತ್ರದವರು ಅಕ್ಷರದ ಆಕಾರವನ್ನು ತುಂಡು ತುಂಡು ಮಾಡಿ ಒಂದೊಂದು ಕೀಲಿಗೆ ಒಂದೊಂದು ತುಂಡು ಹಚ್ಚಿದ್ದರು. ರಾಯರು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಅದರ ಮಹಾಪ್ರಾಣ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಎಂಬ ಕೊಂಡಿ. 'ಕಮಲ' ಎಂದು ಬರೆಯಲು ಇಂಗ್ಲಿಷ್ ಕಾಗುಣಿತದ ದಾರಿಯಲ್ಲಿ ಆರು ಸಲ ಬೆರಳು ಆಡಬೇಕು. ರಾಯರ ಕೀಲಿಮಣೆಯಲ್ಲಿ ಮೂರೇ ಸಲ. ಏಕೆಂದರೆ ಕನ್ನಡದ ವ್ಯಂಜನವನ್ನು ಬರೆದರೆ ಅದರ ಹೊಟ್ಟೆಯೊಳಗೆ 'ಅ' ಇದ್ದೇ ಇರುತ್ತದೆ.

ಇದರ ಸೊಗಸು ವೇಗದಲ್ಲಿ ಮಾತ್ರ ಇಲ್ಲ. ನಾವು ಸ್ಲೇಟಿನ ಮೇಲೆ ಕಲಿತದ್ದು ಹೇಗೆ? ಮೊದಲು ಕ, ಆಮೇಲೆ ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಈ ಕೀಲಿಮಣೆಯೂ ಅದನ್ನೇ ಮಾಡಿಸುತ್ತದೆ. ಸ್ಲೇಟು ಬಳಪದಲ್ಲಿ ಕಲಿತ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಕೂತರೆ ಅವಳಿಗೆ ಗೊತ್ತಿರುವ ಕ್ರಮವೇ ಅವಳನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ಸರ್ಕಾರ ಮುಂದೆ ಈ ವಿನ್ಯಾಸವನ್ನೇ ಅಧಿಕೃತವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಅದನ್ನೇ ಬಳಸಿತು. ರಾಯರು ಅದಕ್ಕೆ ಬೆಲೆ ಕಟ್ಟದೆ ಎಲ್ಲರಿಗೂ ಬಿಟ್ಟುಕೊಟ್ಟರು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಒಂದು ಡಿಟಿಪಿ ಅಂಗಡಿಗೆ ಹೋಗಿ ಲಗ್ನಪತ್ರಿಕೆ ಮಾಡಿಸುವಾಗ ಅಲ್ಲಿ ಕೂತ ಹುಡುಗಿಯ ಬೆರಳುಗಳನ್ನು ನೋಡಿ. ಪರದೆಯ ಮೇಲಿನ ಕಣ್ಣು ಕೆಳಗಿಳಿಯುವುದಿಲ್ಲ. ಕೃತಿಯೊಂದು ಓದುಗರಲ್ಲಿ ಕರಗಿಹೋಗುವುದು ಎಂದರೆ ಇದೇ ಇರಬೇಕು.

ಎರಡನೆಯದು ಮೆಟ್ರೋದ ದನಿ. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೋ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿದಾಗ ಪಶ್ಚಿಮದ ನಾವು ಅದನ್ನು ಪೇಪರಿನಲ್ಲಿ ನೋಡಿದವರು. 2014ರಲ್ಲಿ ಹಸಿರು ಮಾರ್ಗ ರಾಜಾಜಿನಗರದ ಮೇಲೆ ಹಾದುಹೋಯಿತು, 2015ರಲ್ಲಿ ವಿಜಯನಗರಕ್ಕೆ ನೇರಳೆ ಮಾರ್ಗ ಬಂತು, 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟ. ಈ ಊರುಗಳ ಹೆಸರನ್ನು ವರ್ಷಗಟ್ಟಲೆ ನಮಗೆ ಹೇಳಿದ ದನಿ ಅಪರ್ಣಾ ಅವರದು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ನಟಿಸಿ, ದೂರದರ್ಶನದಲ್ಲಿ ನಿರೂಪಕಿಯಾಗಿ ಮನೆಮಾತಾಗಿ, 'ಮಜಾ ಟಾಕೀಸ್'ನ ವರಲಕ್ಷ್ಮಿಯಾಗಿ ನಗಿಸಿದ ಅದೇ ಅಪರ್ಣಾ. 2024ರ ಜುಲೈ 11ರಂದು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೂ ಅವರ ದನಿ ರೈಲಿನೊಳಗೆ ನಿಲ್ದಾಣಗಳನ್ನು ಕರೆಯುತ್ತಿತ್ತು. ಆ ದಿನಗಳಲ್ಲಿ ಮೆಟ್ರೋದಲ್ಲಿ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ.

ಆ ದನಿಯ ಗುಣ ಏನು? ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದು ತಿದ್ದಿ ತೀಡಿ ತೋರಿಸಲು ಹೋಗುವುದಿಲ್ಲ, ನುಂಗಿಯೂ ಬಿಡುವುದಿಲ್ಲ. ಅಪ್ಪಣೆ ಮಾಡುವ ಗತ್ತಿಲ್ಲ, ಅಂಗಲಾಚುವ ನಯವೂ ಇಲ್ಲ. ಬಾಗಿಲು ಯಾವ ಕಡೆ ತೆರೆಯುತ್ತದೆ ಎನ್ನುವುದನ್ನು, ಮನೆಗೆ ಬಂದವರಿಗೆ ಕೈಕಾಲು ತೊಳೆಯುವ ಜಾಗ ತೋರಿಸಿದಂತೆ ಹೇಳುತ್ತದೆ. ಇಂಗ್ಲಿಷ್ ಬಾರದ ಒಬ್ಬ ತಾಯಿ ಮೊದಲ ಸಲ ಮೆಟ್ರೋ ಹತ್ತಿ ಕೆಂಗೇರಿಯ ಮಗಳ ಮನೆಗೆ ಒಬ್ಬಳೇ ಹೋಗಬೇಕಾದರೆ ಅವಳಿಗೆ ಬೇಕಾದ್ದು ಇಷ್ಟೇ: ಸರಿಯಾದ ಹೆಸರು, ಸರಿಯಾದ ಹೊತ್ತಿಗೆ, ಅರ್ಥವಾಗುವ ದನಿಯಲ್ಲಿ.

ಸರಿಯಾದ ಹೆಸರು ಎಂದೆನಲ್ಲ, ಅದು ಸಣ್ಣ ವಿಷಯವಲ್ಲ. ನೇರಳೆ ಮಾರ್ಗದಲ್ಲಿ ಅತ್ತಿಗುಪ್ಪೆ ಇದೆ, ಪಟ್ಟಣಗೆರೆ ಇದೆ. ಇಂಗ್ಲಿಷ್ ಫಲಕದಲ್ಲಿ ಎರಡಕ್ಕೂ ಅದೇ ಜೋಡಿ 'ಟಿ'. ಅಲ್ಲಿ ಅತ್ತಿ ಯಾವುದು, ಪಟ್ಟಣ ಯಾವುದು ಎಂದು ಆ ಲಿಪಿಗೆ ಗೊತ್ತಿಲ್ಲ. ದಾರಿ ತೋರಿಸುವ ಫೋನು ಆ ಇಂಗ್ಲಿಷ್ ಅಕ್ಷರಗಳನ್ನು ಓದಿ ಉಚ್ಚರಿಸಿದರೆ ಅತ್ತಿ ಮರ ಅಟ್ಟ ಹತ್ತುತ್ತದೆ. ಜ್ಞಾನಭಾರತಿಯಲ್ಲಿ ಜ್ಞಾನ ಯಾವ ಅವಸ್ಥೆಗೆ ಬರುತ್ತದೆ ಎನ್ನುವುದನ್ನು ನೀವೇ ಊಹಿಸಿ. ಕನ್ನಡ ಲಿಪಿಯಲ್ಲಿ ಬರೆದ ಹೆಸರನ್ನು ಕನ್ನಡವಾಗಿ ಓದಿದರೆ ಈ ಗೊಂದಲವೇ ಇಲ್ಲ. 2017ರಲ್ಲಿ ಮೆಟ್ರೋ ಫಲಕಗಳ ಹಿಂದಿಯ ಬಗ್ಗೆ ದೊಡ್ಡ ಗಲಾಟೆಯಾಗಿ ಆ ಬರಹಗಳನ್ನು ಮುಚ್ಚಿ ತೆಗೆದದ್ದು ನೆನಪಿರಬಹುದು. ಫಲಕದಲ್ಲಿ ಯಾವ ಭಾಷೆ ಇರಬಾರದು ಎನ್ನುವುದಕ್ಕೆ ಅಷ್ಟು ಮಾತಾಯಿತು. ಇರುವ ಕನ್ನಡ ಹೇಗಿದೆ ಎನ್ನುವುದಕ್ಕೆ ಅದರ ಕಾಲು ಭಾಗದ ಮಾತೂ ಆಗಲಿಲ್ಲ ಎನ್ನುವುದು ನನ್ನ ಕೊರಗು.

ಈಗ ಕಹಿಗೆ ಬರೋಣ. ವಿಜಯನಗರ ಬಸ್ ನಿಲ್ದಾಣದ ಬಳಿ ಹೂ ಮಾರುವಾಕೆಯ ಬುಟ್ಟಿಯ ಪಕ್ಕ ಒಂದು ಪೆಟ್ಟಿಗೆ ಇದೆ. ಮೊಳ ಮಲ್ಲಿಗೆ ಕೊಂಡು ಫೋನಿನಿಂದ ದುಡ್ಡು ಕಳಿಸಿದರೆ ಅದು 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಎನ್ನುತ್ತದೆ. ಆಕೆ ತಲೆಯಾಡಿಸಿ 'ಬಂತು' ಎನ್ನುತ್ತಾಳೆ. ನೋಡಿ, ಯಂತ್ರ ಹದಿನಾಲ್ಕು ಅಕ್ಷರದಲ್ಲಿ ಹೇಳಿದ್ದನ್ನು ಆಕೆ ಎರಡು ಅಕ್ಷರದಲ್ಲಿ ಕನ್ನಡಕ್ಕೆ ಅನುವಾದ ಮಾಡಿದಳು. ಸ್ವೀಕರಿಸಿದವರು ಯಾರು? ಅಧ್ಯಕ್ಷರೇ, ಸಚಿವರೇ? ದುಡ್ಡು ನಮ್ಮ ಭಾಷೆಯಲ್ಲಿ ಬರುತ್ತದೆ, ಹೋಗುತ್ತದೆ, ಸಿಗುತ್ತದೆ. ಅದನ್ನು ಯಾರೂ ಸ್ವೀಕರಿಸಲ್ಪಡುವಂತೆ ಮಾಡುವುದಿಲ್ಲ.

ಆದರೂ ಆ ಪೆಟ್ಟಿಗೆಯ ಉಪಕಾರವನ್ನು ಮರೆಯುವಂತಿಲ್ಲ. ಮೊದಲಾದರೆ ಗಿರಾಕಿ ಫೋನಿನ ಪರದೆ ತೋರಿಸಿ 'ಕಳಿಸಿದೀನಮ್ಮ' ಎಂದು ನಡೆದುಬಿಡುತ್ತಿದ್ದ. ಇಂಗ್ಲಿಷ್ ಓದಲಾರದ ಆಕೆ ನಂಬಬೇಕಿತ್ತು, ಇಲ್ಲವೇ ಪಕ್ಕದ ಅಂಗಡಿಯ ಹುಡುಗನನ್ನು ಕರೆಯಬೇಕಿತ್ತು. ಈಗ ಆಕೆಯ ದುಡ್ಡಿಗೆ ಆಕೆಯ ಕಿವಿಯೇ ಸಾಕ್ಷಿ. ಆದ್ದರಿಂದಲೇ ಅದರ ಮಾತು ನೆಟ್ಟಗಿರಬೇಕು. ಕೆಲವು ಪೆಟ್ಟಿಗೆಗಳು ನೂರ ಇಪ್ಪತ್ತೈದನ್ನು 'ಒಂದು ನೂರು ಇಪ್ಪತ್ತು ಐದು' ಎಂದು ಬಿಡಿಸಿ ಎಣಿಸುತ್ತವೆ. ಇದು ಯಂತ್ರದ ದಡ್ಡತನವಲ್ಲ. ಒಂದೊಂದು ಸಂಖ್ಯೆಯನ್ನು ಬೇರೆ ಬೇರೆ ಓದಿಸಿ ಧ್ವನಿ ಹಿಡಿದಿಟ್ಟು, ಬೇಕಾದಾಗ ಪೋಣಿಸುವುದು ಸುಲಭದ ದಾರಿ. ಇಂಗ್ಲಿಷಿನಲ್ಲಿ ಹಾಗೆ ಪೋಣಿಸಿದರೆ ಹೆಚ್ಚು ಕೆಡುವುದಿಲ್ಲ. ಕನ್ನಡದಲ್ಲಿ ನೂರು ಮುಂದಿನ ಸಂಖ್ಯೆ ಸೇರಿದೊಡನೆ 'ನೂರ' ಆಗುತ್ತದೆ, ಇಪ್ಪತ್ತು ಐದನ್ನು ಕಂಡೊಡನೆ ಕೈಹಿಡಿದು 'ಇಪ್ಪತ್ತೈದು' ಆಗುತ್ತದೆ. ಸಂಧಿ ಎಂದು ಹೈಸ್ಕೂಲಿನಲ್ಲಿ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದು ಇದೇ.

ಇದೇ ರೋಗ ಅಕ್ಷರದಲ್ಲಿ ಬಂದಾಗ ಇನ್ನೂ ಎದ್ದು ಕಾಣುತ್ತದೆ. 'ರಾಜಾಜಿನಗರ ಗೆ ಟಿಕೆಟ್', 'ಕಮಲಮ್ಮ ಗೆ ಹಣ ಕಳುಹಿಸಲಾಗಿದೆ' ಎಂಬಂಥ ವಾಕ್ಯಗಳನ್ನು ನೀವೂ ಓದಿರುತ್ತೀರಿ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ 'ಟು' ಎಂದು ಒಂದು ಪದ ಇಟ್ಟರೆ ಯಾವ ಹೆಸರಾದರೂ ಅದರ ಪಕ್ಕ ಕೂರುತ್ತದೆ. ಸಾಫ್ಟ್‌ವೇರಿನವರು ವಾಕ್ಯದಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಹೆಸರು ಬಂದು ಅಲ್ಲಿ ಬೀಳುತ್ತದೆ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳುತ್ತದೆ, ಅಂಟುವಾಗ ಹೆಸರಿನ ಕೊನೆ ನೋಡಿ ರೂಪ ಬದಲಿಸುತ್ತದೆ: ಕೆಂಗೇರಿಗೆ, ರಾಜಾಜಿನಗರಕ್ಕೆ, ಕಮಲಮ್ಮನಿಗೆ, ಕಮಲಮ್ಮನವರಿಗೆ. ಈ ಕೊನೆಯ ಎರಡರ ನಡುವೆ ಮರ್ಯಾದೆಯ ಲೆಕ್ಕವೂ ಇದೆ. ಹಾಗಾದರೆ ಯಂತ್ರಕ್ಕೆ ಇದು ಸಾಧ್ಯವೇ ಇಲ್ಲವೇ? ಖಂಡಿತ ಸಾಧ್ಯ. ನಿಯಮ ಬರೆದು ಕಲಿಸಬಹುದು. ಅಷ್ಟೂ ಬೇಡವೆಂದರೆ ವಾಕ್ಯದ ಕಟ್ಟನ್ನೇ ಬದಲಿಸಬಹುದು: 'ಹಣ ಕಳಿಸಿದ್ದು: ಕಮಲಮ್ಮ. ಊರು: ರಾಜಾಜಿನಗರ.' ಹಳೆಯ ಮನಿಯಾರ್ಡರ್ ಫಾರಮ್ಮಿನವರು ಹೀಗೆ ತಾನೇ ಮಾಡಿದ್ದು! ಬೇಕಾದ್ದು ಪಾಂಡಿತ್ಯವಲ್ಲ, ಅರ್ಧ ಗಂಟೆಯ ಯೋಚನೆ.

ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆ ಎನ್ನುವುದನ್ನು ಹೇಳುತ್ತೇನೆ. ಒಂದು ಆ್ಯಪ್ ತಯಾರಾಗುವುದು ಇಂಗ್ಲಿಷಿನಲ್ಲಿ. ಎಲ್ಲ ಮುಗಿದ ಮೇಲೆ ಅದರೊಳಗಿನ ಮಾತುಗಳನ್ನೆಲ್ಲ ಕಿತ್ತು ಒಂದು ಪಟ್ಟಿ ಮಾಡುತ್ತಾರೆ. ಪಟ್ಟಿ ಅನುವಾದಕರಿಗೆ ಹೋಗುತ್ತದೆ, ಅಥವಾ ಈಗೀಗ ನೇರವಾಗಿ ಅನುವಾದ ಯಂತ್ರಕ್ಕೇ ಹೋಗುತ್ತದೆ. ಅನುವಾದ ಮಾಡುವವರ ಮುಂದೆ ಪರದೆ ಇರುವುದಿಲ್ಲ. ಬಿಡಿ ಪದಗಳಷ್ಟೇ ಇರುತ್ತವೆ. 'ಬ್ಯಾಲೆನ್ಸ್' ಎಂದಿದೆ. ತಕ್ಕಡಿಯದೋ, ಸರ್ಕಸ್ಸಿನದೋ, ಖಾತೆಯದೋ? ನಿಘಂಟು ನೋಡಿ 'ಸಮತೋಲನ' ಎಂದು ಬರೆದರೆ ಬೈಯುವುದು ಯಾರನ್ನು? 'ಆರ್ಡರ್' ಎಂದರೆ 'ಆದೇಶ'. ದೋಸೆ ತರಿಸಿಕೊಂಡವರಿಗೆ 'ನಿಮ್ಮ ಆದೇಶ ಹೊರಟಿದೆ' ಎಂದು ಬಂದರೆ ಮನೆಯವರೆಲ್ಲ ನಕ್ಕು ತಿನ್ನಬಹುದು, ಅಷ್ಟೇ. ತಿರುಗಿ ಬಂದ ಪಟ್ಟಿಯನ್ನು ಪರೀಕ್ಷೆ ಮಾಡುವವರಿಗೆ ಎಷ್ಟೋ ಸಲ ಕನ್ನಡವೇ ಬರುವುದಿಲ್ಲ. ಅಕ್ಷರ ಡಬ್ಬಿಯ ಆಚೆ ಚೆಲ್ಲಿದೆಯೇ, ಒತ್ತಕ್ಷರದ ಬಾಲ ಕತ್ತರಿಸಿದೆಯೇ ಎಂದು ನೋಡುತ್ತಾರೆ. ಅಕ್ಷರ ಪರದೆಯಲ್ಲಿ ಹಿಡಿಸಿದರೆ ಭಾಷೆ ಪಾಸು.

ಅನುವಾದ ಯಂತ್ರಗಳು ಈಗ ಸುಧಾರಿಸಿವೆ ಎನ್ನುವವರಿದ್ದಾರೆ, ಅದು ನಿಜವೂ ಹೌದು. 2011ರಲ್ಲಿ ಗೂಗಲ್‌ನ ಅನುವಾದಕ್ಕೆ ಕನ್ನಡ ಸೇರಿದಾಗ ಬರುತ್ತಿದ್ದ ವಾಕ್ಯಗಳಿಗೂ ಈಗಿನವಕ್ಕೂ ಅಜಗಜಾಂತರ. ಈಗ ವಾಕ್ಯ ತಡವರಿಸುವುದಿಲ್ಲ. ಆದರೆ ತಡವರಿಸದ ವಾಕ್ಯ ತಪ್ಪು ಹೇಳಿದರೆ ಹಿಡಿಯುವುದು ಇನ್ನೂ ಕಷ್ಟ. ತೊದಲುವವರ ಮಾತನ್ನು ನಾವು ಎರಡು ಸಲ ಕೇಳುತ್ತೇವೆ. ನಿರರ್ಗಳವಾಗಿ ಮಾತನಾಡುವವರ ಮಾತನ್ನು ನಂಬಿಬಿಡುತ್ತೇವೆ.

ಪದಗಳ ಬಗ್ಗೆ ಒಂದು ಮಾತು. 'ರೀಚಾರ್ಜ್' ಇರಬಾರದು, 'ಪುನರ್ಭರ್ತಿ' ಇರಬೇಕು ಎನ್ನುವ ಹಟ ನನಗಿಲ್ಲ. ಬಸ್ಸು, ಟಿಕೆಟ್ಟು, ಕಂಡಕ್ಟರು ನಮ್ಮ ಮನೆಯವರೇ ಆಗಿ ಎಷ್ಟೋ ಕಾಲವಾಯಿತು. ಉಕಾರ ತೊಡಿಸಿ ಸೊಸೆ ಮಾಡಿಕೊಂಡಿದ್ದೇವೆ. ನನ್ನ ಅಳತೆಗೋಲು ತೀರಾ ಸರಳ. ಆ ಸನ್ನಿವೇಶದಲ್ಲಿ ಒಬ್ಬ ಕಂಡಕ್ಟರು, ಒಬ್ಬ ಅಂಚೆಯಣ್ಣ, ಕೌಂಟರಿನಲ್ಲಿ ಕೂತ ಒಬ್ಬ ಒಳ್ಳೆಯ ಗುಮಾಸ್ತೆ ಏನು ಹೇಳುತ್ತಿದ್ದರು? ಯಂತ್ರವೂ ಅದನ್ನೇ ಹೇಳಲಿ. 'ಅಧಿವೇಶನದ ಅವಧಿ ಮುಕ್ತಾಯಗೊಂಡಿದೆ' ಎಂದು ಯಾವ ಗುಮಾಸ್ತೆಯೂ ಹೇಳಲಾರಳು. 'ತಡವಾಯ್ತು, ಮೊದಲಿಂದ ಮಾಡಿ' ಎನ್ನುತ್ತಾಳೆ. ಮೊದಲನೆಯದನ್ನು ಓದಿದರೆ ವಿಧಾನಸೌಧ ನೆನಪಾಗುತ್ತದೆ, ಎರಡನೆಯದರಿಂದ ಕೆಲಸವಾಗುತ್ತದೆ.

ಇಷ್ಟೆಲ್ಲ ಭಾಷೆಯ ಸೂಕ್ಷ್ಮ, ಇದರಿಂದ ಯಾರ ಮನೆ ಮುಳುಗುತ್ತದೆ ಎಂದು ನೀವು ಕೇಳಬಹುದು. ಮುಳುಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಓಡಾಡತೊಡಗಿದರು. ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದಾಯಿತು. ಎಷ್ಟೋ ಹೆಂಗಸರ ಬದುಕಿನಲ್ಲಿ ತಮ್ಮದೇ ಹೆಸರಿಗೆ ಬಂದ ಮೊದಲ ದುಡ್ಡು ಅದು. ದುಡ್ಡು ಬಂದ ಸುದ್ದಿ ಅವರ ಫೋನಿಗೇ ಬರುತ್ತದೆ. ಬಂದದ್ದನ್ನು ಓದಲಾಗದೆ ಆಕೆ ಫೋನನ್ನು ಮಗನ ಕೈಗೋ ಗಂಡನ ಕೈಗೋ ಕೊಡುತ್ತಾಳೆ. ದುಡ್ಡು ಆಕೆಯದು, ಎಷ್ಟು ಬಂತು ಎಷ್ಟು ಹೋಯಿತು ಎಂಬ ತಿಳಿವಳಿಕೆ ಇನ್ನೊಬ್ಬರದು. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟಾಗಲಾದರೂ ಲೆಕ್ಕ ಆಕೆಯ ತಲೆಯಲ್ಲಿತ್ತು.

ಇನ್ನು ಮೋಸಗಾರರ ವಿಷಯ. ಹಳೆಯ ಮಂಚ ಮಾರಲು ಹೊರಟವರಿಗೆ ಯಾರೋ ಕರೆ ಮಾಡಿ, 'ದುಡ್ಡು ಕಳಿಸ್ತಿದ್ದೀನಿ, ಬಂದದ್ದಕ್ಕೆ ಒಪ್ಪಿಗೆ ಒತ್ತಿ, ಪಿನ್ ಹಾಕಿ' ಎನ್ನುತ್ತಾರೆ. ಗೊತ್ತಿರಬೇಕಾದ್ದು ಒಂದೇ: ಪಿನ್ ಒತ್ತುವುದು ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಆ ಗಳಿಗೆಯಲ್ಲಿ ಪರದೆಯ ಮೇಲೆ 'ಪಾವತಿ ವಿನಂತಿಯನ್ನು ಅನುಮೋದಿಸಿ' ಎಂದಿದ್ದರೆ ಯಾರು ಯಾರಿಗೆ ಕೊಡುತ್ತಿದ್ದಾರೆ ಎನ್ನುವುದು ಆ ಮೂರು ಪಂಡಿತ ಪದಗಳ ಸಂದಿಯಲ್ಲಿ ಮಾಯವಾಗುತ್ತದೆ. 'ನಿಮ್ಮ ಖಾತೆಯಿಂದ 5000 ರೂಪಾಯಿ ಹೋಗುತ್ತದೆ. ಕೊಡಬೇಕೆ?' ಎಂದಿದ್ದರೆ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣಕ್ಕೆ ಒಂದು ತಿಂಗಳ ರೇಷನ್ನಿನ ಬೆಲೆ ಇದೆ. ಸಾಹಿತ್ಯದಲ್ಲಿ ಕೆಟ್ಟ ವಾಕ್ಯ ಬರೆದರೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ. ಇಲ್ಲಿ ಕೆಟ್ಟ ವಾಕ್ಯಕ್ಕೆ ಓದಿದವಳು ದಂಡ ಕಟ್ಟುತ್ತಾಳೆ.

ಹೆಸರಿನ ಖಾನೆಗಳದ್ದೂ ಒಂದು ಕಥೆ. ಫಾರಮ್ಮು ಕನ್ನಡದಲ್ಲೇ ಇರುತ್ತದೆ, ಆದರೆ ಕೇಳುವುದು 'ಮೊದಲ ಹೆಸರು, ಕೊನೆಯ ಹೆಸರು'. ನಮ್ಮ ಹಳೆ ಮೈಸೂರು ಕಡೆಯ ಹೆಂಗಸರಿಗೆ ಕೊನೆಯ ಹೆಸರೆಂಬುದು ಎಲ್ಲಿದೆ? ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು, ಆಮೇಲೆ ಸ್ವಂತ ಹೆಸರು, ಮುಗಿಯಿತು. ಒಂದೇ ಅಕ್ಷರ ಬರೆದರೆ ಸಾಲದೆಂದು ಯಂತ್ರ ಹಟ ಹಿಡಿಯುತ್ತದೆ. ಆಗ ಕೆಲವರು ಗಂಡನ ಹೆಸರು ತುಂಬುತ್ತಾರೆ, ಕೆಲವರು ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಮುಂದೆ ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ಹೊಂದದೆ ಅಫಿಡವಿಟ್ಟಿಗೆ ಅಲೆದಾಟ. ಅಕ್ಷರಗಳನ್ನು ಕನ್ನಡ ಮಾಡಿದರು, ಪ್ರಶ್ನೆಯನ್ನು ಮಾತ್ರ ಕನ್ನಡ ಮಾಡಲಿಲ್ಲ.

'ಕನ್ನಡದಲ್ಲಿ ಕೊಟ್ಟರೂ ಯಾರೂ ಬಳಸುವುದಿಲ್ಲ' ಎಂಬ ಮಾತನ್ನು ನಮ್ಮ ಉದ್ಯಮದಲ್ಲಿ ಮೇಲಿಂದ ಮೇಲೆ ಕೇಳುತ್ತೇನೆ. ಅರ್ಥವಾಗದ ಕನ್ನಡ ಕೊಟ್ಟು ಬಳಸಲಿಲ್ಲ ಎಂದರೆ, ಉಪ್ಪಿಲ್ಲದ ಅಡುಗೆ ಬಡಿಸಿ ಇವರಿಗೆ ಹಸಿವಿಲ್ಲ ಎಂದಂತೆ. ಇಂಗ್ಲಿಷ್ ಬಲ್ಲ ಕನ್ನಡಿಗರು ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುತ್ತಾರೆ. ದೂರು ಬರೆಯಬಲ್ಲವರು ಅವರೇ, ಅವರಿಗೆ ದೂರಿಲ್ಲ. ದೂರಿರುವವರು ಬರೆಯುವುದಿಲ್ಲ, ಫೋನನ್ನು ಮಗನ ಕೈಗೆ ಕೊಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ 'ಕನ್ನಡ ಬಳಸುವವರು ಕಡಿಮೆ' ಎಂದು ದಾಖಲಾಗುತ್ತದೆ.

ಹಾಗಾದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸ ಎಲ್ಲಿ? ರಾಯರ ಕೀಲಿಮಣೆಯೂ ಯಂತ್ರದ್ದೇ, ಅಪರ್ಣಾ ಅವರ ದನಿಯೂ ಧ್ವನಿಮುದ್ರಿಸಿ ತುಂಡು ಪೋಣಿಸಿದ್ದೇ. ಯಂತ್ರವೆಂಬ ಕಾರಣಕ್ಕೆ ಅವು ಕೆಡಲಿಲ್ಲ. ಒಂದರಲ್ಲಿ ಕನ್ನಡ ಬರವಣಿಗೆ ಒಳಗಿನಿಂದ ಹೇಗೆ ಕಟ್ಟಿಕೊಂಡಿದೆ ಎಂದು ಯೋಚಿಸಿದವರಿದ್ದರು. ಇನ್ನೊಂದರಲ್ಲಿ ಕೇಳುವವರು ಯಾರೆಂದು ಬಲ್ಲ ಒಬ್ಬ ಹೆಣ್ಣುಮಗಳಿದ್ದಳು. ಮಿಕ್ಕವುಗಳಲ್ಲಿ ಪಟ್ಟಿ ಇದೆ, ಖಾನೆ ಇದೆ, ಅನುವಾದ ಇದೆ; ಓದುವವಳು ಯಾರ ಕಣ್ಣ ಮುಂದೆಯೂ ಇಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಮುಂದಿನ ಸಲ ನಿಮ್ಮ ಫೋನು ಅರ್ಥವಾಗದ ಕನ್ನಡ ಆಡಿದರೆ, 'ನನಗೆ ಇವೆಲ್ಲ ತಿಳಿಯೋದಿಲ್ಲಪ್ಪ' ಎಂದು ಅದನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಆ್ಯಪ್‌ನೊಳಗೆ ಅಭಿಪ್ರಾಯ ಬರೆಯಲು ಒಂದು ಜಾಗ ಇರುತ್ತದೆ. ಅಲ್ಲಿ, ನಿಮಗೆ ಬರುವ ಕನ್ನಡದಲ್ಲಿ, 'ಈ ವಾಕ್ಯ ತಿಳಿಯಲಿಲ್ಲ, ಹೀಗೆ ಬರೆಯಿರಿ' ಎಂದು ಎರಡು ಸಾಲು ಹಾಕಿ. ನಲವತ್ತು ಜನ ಹಾಗೆ ಬರೆದರೆ ಅದನ್ನು ಓದಲೇಬೇಕಾದ ಒಬ್ಬರು ಆ ಕಡೆ ಇರುತ್ತಾರೆ. ಆ ಕಡೆ ಕೂತು ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ಹೂ ಮಾರುವಾಕೆಯ 'ಬಂತು' ಎಂಬ ಎರಡಕ್ಷರ ಹಾಗಾದರೂ ಒಂದು ದಿನ ಆ ಪೆಟ್ಟಿಗೆಯೊಳಗೆ ಹೋಗಿ ಕೂರಬಹುದು.